ಮೊಮ್ಮಗಳು ನನ್ನನ್ನು ಹತ್ತಿರ ಬಿಟ್ಟುಕೊಂಡ ದಿನ

ನಮ್ಮದು ಬಹಳ ಸ್ವತಂತ್ರ ಬಾಳು. ಇದು ನನ್ನ ಮಾತಲ್ಲ. ಗಂಗಾವತಿ ಕಡೆ ಕಾಲುವೆ ದಂಡೆಯ ಮೇಲೆ ಬೈಕು ನಿಲ್ಲಿಸಿ ನಮ್ಮ ಕುರಿಗಳ ವಿಡಿಯೊ ತೆಗೆದುಕೊಂಡ ಹುಡುಗರು ಹೇಳಿದ್ದು. "ಅಜ್ಜಿ, ನಿಮಗೇನೂ ಟೆನ್ಶನ್ನೇ ಇಲ್ಲ ಬಿಡಿ" ಎಂದರು. ಹೌದಲ್ಲ ಎನ್ನಿಸಿತು. ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆಯಿಲ್ಲ, ಬಾಗಿಲೇ ಇಲ್ಲ. ಪಕ್ಕದ ಮನೆಯವರ ಜೊತೆ ಜಗಳವಿಲ್ಲ, ಪಕ್ಕದ ಮನೆಯೇ ಇಲ್ಲ. ಮಾಳಿಗೆ ಸೋರುತ್ತದೆಂದು ಪಾತ್ರೆ ಇಡುವ ಕಷ್ಟವೂ ಇಲ್ಲ, ಪೂರ್ತಿ ಮಳೆಯೇ ನಮ್ಮದು. ಮೈತೊಳೆಯಲು ಮಾತ್ರ ಯಾವ ಬೋರಿನ ಯಜಮಾನ ಒಪ್ಪುತ್ತಾನೋ ಎಂದು ಕಾಯಬೇಕು. ಅಷ್ಟು ಬಿಟ್ಟರೆ ಸ್ವತಂತ್ರವೇ.

ಚಳಿಗಾಲ ಬಂತೆಂದರೆ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ಮೇಯಿಸುತ್ತ ಅಲ್ಲೇ ಇರುತ್ತೇವೆ. ನನ್ನ ಮೊಮ್ಮಗಳು ಹುಟ್ಟಿದ್ದು ಚಳಿ ಆಗಷ್ಟೇ ಶುರುವಾದಾಗ, ತಾವರಗೇರಾದಲ್ಲಿರುವ ಮಗನ ಮನೆಯಲ್ಲಿ. ಸುದ್ದಿ ನನಗೆ ತಲುಪಿದ್ದು ಮರುದಿನ, ಫೋನು ಕಿರಾಣಿ ಅಂಗಡಿಯಲ್ಲಿ ಚಾರ್ಜಿಗೆ ಇತ್ತು. ಅಂಗಡಿಯವನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ನಾನು ಅಜ್ಜಿಯಾದ ಸಂತೋಷಕ್ಕೆ ಅವನೇ ಮೊದಲು ಬೆಲ್ಲ ತಿಂದಿದ್ದ.

ಆಮೇಲೆ ದಿನಾ ವಿಡಿಯೊ ಕಾಲ್. ಕೂಸು ಫೋನಿನಲ್ಲಿ ನನ್ನನ್ನು ನೋಡಿ ನಗುತ್ತಿತ್ತು. ನಾನು ಹಾಡಿದರೆ ಕೈಕಾಲು ಬಡಿಯುತ್ತಿತ್ತು. ಕಂಡಕಂಡ ಹೊಲದವರಿಗೆಲ್ಲ "ನನ್ನ ಮೊಮ್ಮಗಳು ನನ್ನ ಗುರುತು ಹಿಡೀತಾಳ್ರಿ" ಎಂದು ಹೇಳಿಕೊಂಡು ತಿರುಗಿದೆ. ಕೇಳಿ ಕೇಳಿ ಕುರಿಗಳಿಗೂ ಸಾಕಾಗಿತ್ತು.

ಕಾರಹುಣ್ಣಿಮೆಗೆ ಮೊದಲು ಮಂದೆ ಮೇಲಕ್ಕೆ ತಿರುಗಿತು. ತಾವರಗೇರಾದ ಬೀಳು ಹೊಲದಲ್ಲಿ ಒಂದೆರಡು ದಿನ ತಂಗಿ, ಮುಂದೆ ಯಲಬುರ್ಗಾ ಕಡೆ ಹೋಗಬೇಕು. ಅಲ್ಲಿ ಬಿತ್ತನೆಗೆ ಮುಂಚೆ ಗೊಬ್ಬರಕ್ಕಾಗಿ ರಾತ್ರಿಯೆಲ್ಲ ಹೊಲದಲ್ಲಿ ಕುರಿ ತರುಬಿ ಮಲಗಿಸುತ್ತೇವೆಂದು ನನ್ನ ಯಜಮಾನರು ಮಾತು ಕೊಟ್ಟಿದ್ದರು. ಕುರಿಯವರು ಈ ಮಾತು ತಪ್ಪಿದರೆ ಮುಂದಿನ ವರ್ಷ ಯಾರೂ ಹೊಲಕ್ಕೆ ಸೇರಿಸುವುದಿಲ್ಲ. ಕೂಸನ್ನು ಆಡಿಸಲು ನನಗಿದ್ದದ್ದು ಆ ಒಂದೆರಡು ದಿನ ಮಾತ್ರ.

ಮಗನ ಮನೆಗೆ ಓಡಿದೆ. ಕೂಸು ಬೀಗತಿಯ ಕಂಕುಳಲ್ಲಿತ್ತು. ಬೀಗತಿ ಎಂದರೆ ನನ್ನ ಸೊಸೆಯ ತಾಯಿ. ಬಾಣಂತನಕ್ಕೆಂದು ಬಂದವಳು ಅಲ್ಲೇ ಉಳಿದಿದ್ದಳು. ಎರಡೂ ಕೈ ಚಾಚಿ "ಬಾರವ್ವ ನನ್ನ ಬಂಗಾರ" ಎಂದೆ. ಬಂಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಓಣಿಗೆಲ್ಲ ಕೇಳುವಂತೆ ಚೀರಿತು.

"ಫೋನಿನಾಗ ಭಾಳ ಛಲೋ ಕಾಣ್ತಿದ್ರಿ ನೋಡ್ರಿ, ಬೀಗತಿ" ಎಂದಳು ಆಕೆ, ಕೂಸಿನ ಬೆನ್ನು ಸವರುತ್ತ. "ಹೊರಗ ಹೋಗಿ ಒಂದ್ ಕಾಲ್ ಮಾಡ್ರಿ, ನಗ್ತಾಳ."

ಬೆಲ್ಲ ತೋರಿಸಿದೆ, ಗಿಲಕಿ ಅಲ್ಲಾಡಿಸಿದೆ. ನಾನು ಹತ್ತಿರ ಹೋದಷ್ಟೂ ಚೀರಾಟ ಜೋರಾಯಿತು. ಮರುದಿನವೂ ಅದೇ. ಅಂಗಳದಲ್ಲಿ ಕೂತು ಯೋಚಿಸಿದೆ. ತಾಯಿ ಸತ್ತ ಮರಿಯನ್ನು ಬೇರೆ ಕುರಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಗುಮ್ಮುತ್ತದೆ. ಆಗ ನಾವು ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರುತ್ತೇವೆ. ಕುರಿ ಮೂಸಿ ನೋಡಿ, ಇದು ತನ್ನದೇ ಎಂದುಕೊಂಡು ಮೊಲೆ ಕೊಡುತ್ತದೆ. ಎಷ್ಟು ಮರಿಗಳನ್ನು ನಾನು ಹೀಗೆ ಉಳಿಸಿದ್ದೇನೋ. ಈಗ ಈ ಮನೆಯಲ್ಲಿ ತಬ್ಬಲಿ ಮರಿ ನಾನೇ.

ಬಚ್ಚಲಿಗೆ ಹೋಗಿ ಮೈ ತಿಕ್ಕಿ ತೊಳೆದು ಸೊಸೆಯನ್ನು ಕೂಗಿದೆ. "ನಿಂದೊಂದು ಸೀರಿ ಕೊಡವ್ವ."

ಆಕೆ ಪೆಟ್ಟಿಗೆಯಿಂದ ಮಡಿಕೆ ಬಿಚ್ಚದ ಸೀರೆ ತಂದಳು.

"ಇದಲ್ಲ. ನಿನ್ನೆ ಉಟ್ಟು ಬಿಟ್ಟೀಯಲ್ಲ, ಅದು."

"ಅಯ್ಯ, ಅದು ಮಾಸೇತ್ರಿ ಅತ್ತಿ. ಹಾಲು ಸೋರೇತಿ, ಕೂಸು ಕಕ್ಕೇತಿ."

"ಅದ ಬೇಕು."

"ಜನಾ ಏನಂದಾರು! ಅತ್ತಿಗೆ ಹೊಲಸು ಸೀರಿ ಕೊಟ್ಟಾಳ ಅಂತಾರ್ರಿ."

ಆಕೆಯ ಮಾನ ಹೋದರೂ ಸರಿಯೆಂದು ಆ ಸೀರೆ ಉಟ್ಟು ಪಡಸಾಲೆಯಲ್ಲಿ ಕೂಸಿಗೆ ಬೆನ್ನು ಮಾಡಿ ಕೂತೆ. ಕರೆಯಲಿಲ್ಲ, ತಿರುಗಿ ನೋಡಲಿಲ್ಲ. ಹೆದರಿದ ಮರಿಯನ್ನು ನೋಡಬಾರದು. ಸ್ವಲ್ಪ ಹೊತ್ತಿಗೆ ನೆಲದ ಮೇಲೆ ಅಂಗೈ ಬಡಿಯುವ ಸದ್ದು ಬಂತು. ಯಾರೋ ಸೆರಗು ಜಗ್ಗಿದರು. ಸೆರಗಿನ ತುದಿ ಬಾಯಿಗೆ ಹೋಯಿತು. ಆಮೇಲೆ ನನ್ನ ತೋಳು ಹಿಡಿದು ಎದ್ದು ನಿಂತು, ನನ್ನ ಮುಖವನ್ನು ನೋಡಿತು, ಅನುಮಾನದಿಂದ. ಕೂಸು ಮೂಗುತಿಗೆ ಕೈ ಹಾಕಿ ಒಮ್ಮೆ ಎಳೆದು, ಧೊಪ್ಪನೆ ನನ್ನ ತೊಡೆಯ ಮೇಲೆ ಕೂತಿತು. ಮೂಗು ಉರಿಯುತ್ತಿತ್ತು, ಕಣ್ಣಲ್ಲಿ ನೀರು. ಅಂಥ ಸುಖ ನನಗೆ ಯಾವ ಹಬ್ಬದಲ್ಲೂ ಸಿಕ್ಕಿಲ್ಲ. ಬೀಗತಿ ಎದ್ದು ಚಹಕ್ಕಿಡಲು ಹೋದಳು. ಚಹಾ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲೇ ಬಾಗಿಲಲ್ಲಿ ಯಜಮಾನರು. "ಏಳು, ನಡಿ. ಕುದುರಿ ಮ್ಯಾಲ ಸಾಮಾನು ಹೇರೀನಿ. ಕುರಿ ಹೊಂಟಾವ."

"ನೀವು ಹೋಗ್ರಿ. ನಾ ಬರಂಗಿಲ್ಲ."

"ರೊಟ್ಟಿ ಯಾರು ಬಡೀಬೇಕು?"

"ನಾ ಬಡಿಯೋದು ಇಷ್ಟು ವರ್ಷ ನೋಡೀರಲ್ಲ. ಕಲ್ತಿರಬೇಕು."

ಅವರಿಗೆ ಸಿಟ್ಟು ಬರಬೇಕಿತ್ತು. ಆದರೆ ಕಣ್ಣೆಲ್ಲ ಕೂಸಿನ ಮೇಲಿತ್ತು. ಕಂಬಳಿ ಸರಿಸಿ, ಬಗ್ಗಿ, ಒಂದು ಬೆರಳು ಚಾಚಿದರು. ಕೂಸು ಅವರ ಮೀಸೆ ನೋಡಿ ನನ್ನ ಕುತ್ತಿಗೆ ತಬ್ಬಿಕೊಂಡು ಚೀರಿತು. ನನ್ನ ಕುತ್ತಿಗೆ! ಆ ಚೀರಾಟ ಎಷ್ಟು ಇಂಪಾಗಿತ್ತೆಂದು ಹೇಗೆ ಹೇಳಲಿ. ಯಜಮಾನರು ಬೆರಳು ಮಡಚಿಕೊಂಡು ನನ್ನ ಸೀರೆಯನ್ನೇ ನೋಡಿದರು. ಆ ದಾರಿ ಅವರಿಗಿರಲಿಲ್ಲ, ಪಾಪ.

ಮಂದೆ ಹೋಯಿತು. ನನ್ನ ಬಟ್ಟೆಯ ಗಂಟೂ ಕುದುರೆಯ ಮೇಲೆ ಹೋಗಿತ್ತು, ಅದು ತಿಳಿದದ್ದು ಕೂಸು ಸೀರೆ ಒದ್ದೆ ಮಾಡಿದ ಮೇಲೆ. ಸಂಜೆ ಯಲಬುರ್ಗಾ ದಾರಿಯಿಂದ ಫೋನು ಬಂತು. ಉಪ್ಪು ಎಲ್ಲಿದೆ ಎಂದು ಕೇಳಿದರು, ಹೇಳಿದೆ. ಫೋನು ಇಡಲಿಲ್ಲ. ಕೆಮ್ಮಿದರು.

"ಅಲ್ಲಾ... ಮೀಸಿ ತೆಗಸ್ಲೇನು?"

"ಮೀಸಿ ಇರ್ಲಿ" ಎಂದೆ. "ಮೊದ್ಲು ಯಾರ್ದರ ಬೋರಿಗೆ ಹೋಗಿ ಜಳಕಾ ಮಾಡ್ರಿ."