ಹನ್ನೊಂದು ಕಂಪ್ಯೂಟರ್‌ಗಳ ಹೆಸರು ಕೇಳಿದ್ದು

ನವೆಂಬರ್ 15, ಶನಿವಾರ, ಬೆಳಿಗ್ಗೆ 8.40. ಇನ್ನಂಜೆ ಕಡೆಯ ಒಂದು ಶಾಲೆಯ ಕಂಪ್ಯೂಟರ್ ಕೋಣೆ. ಕಂಪ್ಯೂಟರ್ ಹನ್ನೊಂದು, ಕುರ್ಚಿ ಒಂಬತ್ತು, ಗೋಡೆಯ ಮೇಲೆ ಹಲ್ಲಿ ಎರಡು. ಎಣಿಸುವ ಚಟ ನನ್ನದು, ಹಲ್ಲಿಗಳನ್ನೂ ಬಿಡಲಾಗಲಿಲ್ಲ.

ಇಲ್ಲಿನ ಮುಖ್ಯೋಪಾಧ್ಯಾಯಿನಿ ಶಾರದಾ ಟೀಚರ್ ಹಿಂದೆ ನನಗೂ ಲೆಕ್ಕ ಕಲಿಸಿದವರು. ದಾನಿಗಳೊಬ್ಬರು ಹಳೆಯ ಕಂಪ್ಯೂಟರ್‌ಗಳಿಗೆ ಬೇಕಾದ ಬಿಡಿಭಾಗ ಕೊಡಿಸಲು ಒಪ್ಪಿದ್ದರು. ಪ್ರತಿ ಯಂತ್ರದ ಮಾಡೆಲ್ ಬರೆದ ಪಟ್ಟಿ ಮಧ್ಯಾಹ್ನ ಹನ್ನೆರಡರೊಳಗೆ ಅವರಿಗೆ ತಲುಪಬೇಕು. ಹೆಸರಿಲ್ಲದ್ದು ಗುಜರಿಗೆ.

"ಹತ್ತು ನಿಮಿಷದ ಕೆಲಸ ಟೀಚರ್," ಎಂದೆ. ಎಲ್ಲದರಲ್ಲೂ ಇರುವುದು ಲಿನಕ್ಸ್ ಎಂಬ ಒಂದೇ ಕಾರ್ಯವ್ಯವಸ್ಥೆ. ಮಾಡೆಲ್ ಕೇಳುವ ಒಂದೇ ಆಜ್ಞೆ ಬರೆದು ಹನ್ನೊಂದರಲ್ಲೂ ಓಡಿಸಿದೆ. ಆರು ಯಂತ್ರಗಳು ತಮ್ಮ ಹೆಸರು ಹೇಳಿದವು. ನಾಲ್ಕು ಬಾಯಿಯೇ ಬಿಡಲಿಲ್ಲ. ಉಳಿದ ಒಂದು, "ತಯಾರಕರು ಭರ್ತಿ ಮಾಡಬೇಕು" ಎಂದು ಇಂಗ್ಲಿಷಿನಲ್ಲಿ ಉತ್ತರಿಸಿತು. ಕಾರ್ಖಾನೆಯಲ್ಲಿ ಯಾರೋ ಫಾರಂ ಅರ್ಧಕ್ಕೇ ಬಿಟ್ಟು ಊಟಕ್ಕೆ ಎದ್ದಿರಬೇಕು.

10.15ಕ್ಕೆ ಟೀಚರ್ ಇಣುಕಿದರು. "ಎಂತ ಮಾರಾಯ್ತಿ, ನಿನ್ನ ಹತ್ತು ನಿಮಿಷ ಇನ್ನೂ ಮುಗೀಲಿಲ್ವಾ? ಆ ಸಣ್ಣ ನಾಲ್ಕು ಗುಜರಿಗೆ ಹೋದ್ರೆ ಏಳನೇ ಕ್ಲಾಸಿನವರು ನನ್ನನ್ನು ಬಿಡ್ಲಿಕ್ಕಿಲ್ಲ. ಅವರು ಮಳೆ ಅಳೆಯುವುದು ಅದರಲ್ಲೇ ಅಲ್ವಾ?"

ಬಾಯಿ ಬಿಡದ ನಾಲ್ಕೂ ಅಂಗೈ ಅಗಲದ ಬೋರ್ಡುಗಳು. ಅವುಗಳ ಪ್ರೊಸೆಸರ್ ಆರ್ಮ್ ಎಂಬ ಬೇರೆ ಬಗೆಯದು. ಆಗ ನನಗೆ ಕಡಲ ತೀರದ ಕಾಪುವಿನ ನೆನಪಾಯಿತು. ಕಳೆದ ವರ್ಷ ಅಲ್ಲಿ, ಮೀನುಗಾರಿಕೆಯ ಸದಾಶಿವ ಮಾವನ ಮನೆ ಹುಡುಕುತ್ತಿದ್ದೆ. ಐದು ಜನರಲ್ಲಿ ಕೇಳಿದೆ (ದಿನಚರಿಯಲ್ಲಿ ಲೆಕ್ಕವಿದೆ); ಐವರಿಗೂ ಗೊತ್ತಿಲ್ಲ. ಆರನೆಯವರು ಮೀನಿನ ಬುಟ್ಟಿ ಇಳಿಸಿ, "ಅವರ ಬೋಟು ಯಾವುದು ಹೇಳಿ," ಎಂದರು. ಹೇಳಿದೆ. "ಅದನ್ನು ಮೊದಲೇ ಹೇಳ್ಬಾರ್ದಾ! ನಿಮ್ಮ ಬೆನ್ನ ಹಿಂದೆಯೇ ಉಂಟು ಮನೆ."

ಇನ್ನಂಜೆಯಲ್ಲಾದರೆ ಬೋಟಿನಿಂದ ಪ್ರಯೋಜನವಿಲ್ಲ, ಮನೆಯ ಹೆಸರು ಬೇಕು. ಮಣಿಪಾಲದ ಹಾಸ್ಟೆಲಿನಲ್ಲಿ ಮೂರು ವರ್ಷ ನಾನು ಬರೀ ಕೋಣೆ ನಂಬರ್ 214.

ಯಂತ್ರಗಳೂ ಹಾಗೆಯೇ ನೋಡಿ. ಮಾಮೂಲಿ ಕಂಪ್ಯೂಟರ್‌ಗಳು, ಅಂದರೆ ಎಕ್ಸ್86 ಬಗೆಯ ಪ್ರೊಸೆಸರ್ ಇರುವವು, ತಮ್ಮ ಹೆಸರನ್ನು ಡಿಎಂಐ ಎಂಬ ದಾಖಲೆಯಲ್ಲಿ ಇಟ್ಟಿರುತ್ತವೆ. ನಾನು ಎಲ್ಲವನ್ನೂ ಅಲ್ಲೇ ಕೇಳಿದ್ದೆ. ಈ ಪುಟ್ಟ ಬೋರ್ಡುಗಳಲ್ಲಿ ಆ ದಾಖಲೆಯೇ ಇಲ್ಲ. ಅವುಗಳ ಹೆಸರಿರುವುದು ಡಿವೈಸ್ ಟ್ರೀ ಎಂಬಲ್ಲಿ. ಅಲ್ಲಿ ಕೇಳಿದ್ದೇ ತಡ, ನಾಲ್ಕೂ ಹೇಳಿಬಿಟ್ಟವು. ಫಾರಂ ತುಂಬದ ಯಂತ್ರದ ಗುರುತು ಅದೇ ಡಿಎಂಐಯ ಇನ್ನೊಂದು ಸಾಲಿನಲ್ಲಿ, ಮದರ್‌ಬೋರ್ಡಿನ ಹೆಸರಾಗಿ ಸಿಕ್ಕಿತು. ಪಟ್ಟಿಯಲ್ಲಿ ಹೊಸದೊಂದು ಕಾಲಂ ಎಳೆದೆ: "ಎಲ್ಲಿ ಕೇಳಿದ್ದು".

11.52ಕ್ಕೆ ಪಟ್ಟಿ ಹೋಯಿತು. ಹನ್ನೊಂದಕ್ಕೆ ಹನ್ನೊಂದು.

"ಶಾಲೆಯಲ್ಲಿರುವಾಗ ಒಂದು ಲೆಕ್ಕವನ್ನೂ ಹೊತ್ತಿಗೆ ಮುಗಿಸಿದವಳಲ್ಲ," ಎನ್ನುತ್ತಾ ಟೀಚರ್ ತಿನ್ನಲು ಬಿಸಿ ಗೋಳಿಬಜೆ ತರಿಸಿದರು. ನನ್ನ ಪಾಲಿಗೆ ನಾಲ್ಕು.

ಇನ್ನೂ ಎಷ್ಟೋ ಬಗೆಯ ಪ್ರೊಸೆಸರ್‌ಗಳಿವೆಯಂತೆ. ಅವು ಹೆಸರನ್ನು ಎಲ್ಲಿ ಇಟ್ಟುಕೊಂಡಿರುತ್ತವೆ ಎಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಬರೆಯುವಾಗ ಮನೆಯ ಹೆಸರೋ, ಬೋಟಿನ ಹೆಸರೋ, ಕೋಣೆಯ ನಂಬರೋ, ನಿಮ್ಮನ್ನು ಹುಡುಕಲು ಯಾವುದು ಬೇಕೋ ಅದನ್ನು ಹಾಕಿ. ಆ ಜಾಗವನ್ನು ಮಾತ್ರ ತಯಾರಕರಿಗೆ ಬಿಡಬೇಡಿ.