ಕೋಳಿಗೆ ಹೋಗುತ್ತಿದ್ದ ಖಿಚಡಿ

ಶಿರಹಟ್ಟಿಯ ನಮ್ಮ ಓಣಿಯಲ್ಲಿ ದಾವಲಬಿಯಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ನಡೆಸುತ್ತಿದ್ದೇನೆ, ಎಷ್ಟೋ ಅತ್ತೆಯರ ಜೊತೆ ಜಗಳವಾಡಿದ್ದೇನೆ. ಈಕೆಯ ಎದುರು ಮಾತ್ರ ನನ್ನ ಬಾಯಿ ಸೋತಿತ್ತು. ದಿನಾ ಬೆಳಗ್ಗೆ ಮೊಮ್ಮಗಳಿಗೆಂದು ಮೆತ್ತಗೆ ಖಿಚಡಿ ಬೇಯಿಸುತ್ತಿದ್ದಳು. ಬೇಯಿಸಿದ್ದನ್ನು ತೆಳು ಬಟ್ಟೆಯಲ್ಲಿ ಹಿಂಡಿ, ಒಂದು ಅಗುಳೂ ಬೀಳದಂತೆ ನೋಡಿ, ಆ ನೀರನ್ನಷ್ಟೇ ಕುಡಿಸುತ್ತಿದ್ದಳು. ಉಳಿದ ಗಟ್ಟಿಯೆಲ್ಲ ಕೋಳಿಗೆ!

ಕೋಳಿಗಳು ದುಂಡಗಾದವು. ಎಂಟು ತಿಂಗಳ ಅಮೀರಾ ಮಾತ್ರ ಎರಡು ತಿಂಗಳಿಂದ ಒಂದು ಗುಂಜಿ ತೂಕವೂ ಏರಿರಲಿಲ್ಲ.

ಮೂರನೇ ಸಲವೂ ಅಂಗನವಾಡಿಯ ತಕ್ಕಡಿಯ ಮುಳ್ಳು ಅಲ್ಲೇ ನಿಂತಿತು. ಕೂಸಿನ ತೊಡೆಯ ಚರ್ಮ ನೆರಿಗೆಗಟ್ಟಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ.

"ಇನ್ನೂ ಹಿಂಗ ಆದ್ರ ಗದಗಿನ ದವಾಖಾನಿಗೆ ಒಯ್ಯಬೇಕಾಗತೈತಿ," ಅಂದೆ.

ಅದರ ತಾಯಿ ರುಹಿ ಅಳತೊಡಗಿದಳು. "ಗಟ್ಟಿ ಕೊಡಾಕ ಅತ್ತಿ ಬಿಡಂಗಿಲ್ರಿ ಅಕ್ಕಾರ. ನನಗೂ ಅಂಜಿಕಿ ಹತ್ತೇತಿ."

ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಅವರ ಅಡುಗೆಮನೆಗೆ ನುಗ್ಗಿದೆ. "ಖಾಲಾ, ನೀವು ಕೋಳಿ ಸಾಕಾಕತ್ತೀರೋ, ಮೊಮ್ಮಗಳನ್ನೋ?"

ದಾವಲಬಿ ಜಗಳಕ್ಕೆ ಬರಲಿಲ್ಲ. ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ನನ್ನ ಚೊಚ್ಚಲ ಮಗಳೂ ಇಷ್ಟ ಇದ್ಲು ಅಕ್ಕಾರ. ನಾನ ಕೈಯಾರ ರೊಟ್ಟಿ ಚೂರು ಬಾಯಾಗ ಇಟ್ಟೆ. ಗಂಟಲಾಗ ಸಿಕ್ಕೊಂತು. ನನ್ನ ತೊಡಿ ಮ್ಯಾಲ ನೀಲಿ ಆದ್ಲು."

ಮೂವತ್ತು ವರ್ಷದ ಹಿಂದಿನ ಮಾತು. ಸೊಸೆಗೂ ಗೊತ್ತಿರಲಿಲ್ಲ. ನನ್ನ ನಾಲಿಗೆಗೆ ನಾನೇ ಶಾಪ ಹಾಕಿಕೊಂಡೆ. ಆದರೆ ಕೂಸು ಹಸಿದಿತ್ತು.

ಬಟ್ಟೆಯಲ್ಲಿದ್ದ ಖಿಚಡಿಯನ್ನು ತಟ್ಟೆಗೆ ಹಾಕಿ ನುಣ್ಣಗೆ ಹಿಸುಕಿದೆ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ. ಅಮೀರಾಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಬೆರಳ ತುದಿಯಷ್ಟು ಬಾಯಿಗಿಟ್ಟೆ. ಮುಖ ಕಿವುಚಿದಳು. ಓಕರಿಸಿದಳು. ಕೆಂಪಾದಳು.

"ಯಾ ಅಲ್ಲಾ!" ದಾವಲಬಿ ಚೀರಿ ಗೋಡೆಗೆ ಮುಖ ತಿರುಗಿಸಿದಳು. ರುಹಿ ಕೂಸನ್ನು ಕಸಿದುಕೊಳ್ಳಲು ಬಂದಳು.

"ತಡಿ! ಕೆಮ್ಮಾಕತ್ತೇತಿ, ಉಸುರು ಐತಿ!" ಎಂದೆ. ಖರೆ ಹೇಳುತ್ತೇನೆ, ನನ್ನ ಜೀವವೂ ಬಾಯಿಗೆ ಬಂದಿತ್ತು.

ಅಮೀರಾ ಕೆಮ್ಮಿದಳು, ನುಂಗಿದಳು. ಆಮೇಲೆ ಬಾಯಿ ತೆರೆದು ಚಮಚದ ಕಡೆ ಕೈ ಚಾಚಿದಳು.

ಐದು ಚಮಚ ತಿಂದಳು. ರುಹಿ ಕಣ್ಣೊರೆಸಿಕೊಂಡು ನಕ್ಕಳು. ದಾವಲಬಿ ನಗಲಿಲ್ಲ. ಹತ್ತಿರ ಬಂದು, ತಟ್ಟೆಯಲ್ಲಿ ಉಳಿದದ್ದನ್ನು ಎರಡು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದಳು.

"ಇಷ್ಟ ಹಿಸುಕಿದ್ರ ಸಾಕಿತ್ತೇನ್ರಿ ಅಕ್ಕಾರ, ಆವಾಗ?"

ನಾನು ಕೂಸನ್ನು ಎತ್ತಿ ಅವಳ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಚಮಚ ಕೈಗಿಟ್ಟೆ.