ಬುಧಕ್ಕನ ಕೆಂಪು ಪೆನ್ನು
ನಮ್ಮ ಬೀದಿಯಲ್ಲಿ ಡೇಕೇರ್ ನಡೆಸುವವರಿಗೆ ನಾವು ತಾಯಂದಿರು ಇಟ್ಟ ಹೆಸರು ಬುಧಕ್ಕ. ಮಾತು-ಬರಹಕ್ಕೆ ಅಧಿಪತಿ ಎನ್ನುವ ಬುಧ ಗ್ರಹ ವಕ್ರಗತಿಗೆ ತಿರುಗಿತೆಂದರೆ ಸಾಕು, ಅವರು ಹೊಸದಾಗಿ ಒಂದಕ್ಷರವೂ ಬರೆಯುವುದಿಲ್ಲ, "ಅವನೇ ಹಿಂದಕ್ಕೆ ನಡೀತಿದಾನೆ, ನಾವೂ ಬರ್ದಿದ್ದನ್ನ ಒಂದ್ಸಲ ತಿರುಗಿ ನೋಡ್ಬೇಡ್ವೇನಮ್ಮಾ?" ಎನ್ನುತ್ತಾ, ತೊಡೆಯ ಮೇಲೆ ಯಾರದೋ ಮಗುವನ್ನು ಮಲಗಿಸಿಕೊಂಡೇ, ಹಳೆಯ ಜಾಹೀರಾತು, ಕರಪತ್ರ, ಸೂಚನೆಗಳ ಮೇಲೆಲ್ಲ ಕೆಂಪು ಪೆನ್ನು ಹಿಡಿದು ಮುಗಿಬೀಳುತ್ತಾರೆ. 'ವಿಶ್ವದರ್ಜೆಯ ಆರೈಕೆ' ಹೋಗಿ 'ಮೂಗು ಒರೆಸುತ್ತೇವೆ' ಬರುತ್ತದೆ. "ವಿಶ್ವ ನಾನೆಲ್ಲಿ ನೋಡಿದೀನಿ? ಮೂಗಾದ್ರೆ ದಿನಾ ನೋಡ್ತೀನಿ." ನನಗೆ ಗ್ರಹಗಳ ಭಯವಿಲ್ಲ, ಜ್ವರ, ಮೆಟ್ಟಿಲು, ಗಂಟಲಲ್ಲಿ ಸಿಕ್ಕಿಕೊಳ್ಳುವ ದ್ರಾಕ್ಷಿ, ಇವೇ ಸಾಕಾಗಿವೆ. ಮಗಳನ್ನು ಅಲ್ಲಿಗೆ ಸೇರಿಸಿದಾಗಿನಿಂದ ಅವಳ ಅಳು ಕೇಳುತ್ತಾ ಗೇಟಿನಾಚೆ ನಿಂತೇಬಿಡುತ್ತಿದ್ದೆ. 'ಮಗು ಅತ್ತರೆ ನಿಲ್ಲಬೇಡಿ, ಕೂಡಲೇ ಹೊರಡಿ' ಎಂಬ ಬಾಗಿಲ ಸೂಚನೆ ನನ್ನನ್ನೇ ಗದರಿಸುವಂತಿತ್ತು. ಇವತ್ತು ಬಂದು ನೋಡಿದರೆ ಆ ಸಾಲಿಗೆ ಕೆಂಪು ಅಡ್ಡಗೀಟು ಬಿದ್ದಿದೆ. ಕೆಳಗೆ ಹೀಗಿದೆ: 'ಅಳು ನಿಂತ ಮೇಲೆ ನಾವೇ ಬಂದು ಹೇಳುತ್ತೇವೆ. ಅಲ್ಲಿಯವರೆಗೆ ಅಮ್ಮಂದಿರು ಕೂರಲು ಗೇಟಿನ ಪಕ್ಕ ಬೆಂಚು ಹಾಕಿದೆ.' ಅತ್ತ ತಿರುಗಿದೆ. ಬೆಂಚಿನ ಮೇಲೆ ಆಗಲೇ ಕೂತಿದ್ದ ಒಬ್ಬ ತಾಯಿ, ಕಣ್ಣೊರೆಸಿಕೊಂಡು, ಸರಿದು ನನಗೂ ಜಾಗ ಮಾಡಿಕೊಟ್ಟಳು.